ಬಳೆಗಾರ್ತಿ ದಾವಲಬಿ ಹಿಡಿದ ಕೈಗಳು

ಲಕ್ಷ್ಮೇಶ್ವರದ ಬಜಾರಿನಲ್ಲಿ ಬಳೆ ಅಂಗಡಿಗಳು ನಾಲ್ಕೈದು ಇದ್ದರೂ ಮದುಮಗಳಿಗೆ, ಬಸುರಿಗೆ ಬಳೆ ಇಡಿಸುವುದಿದ್ದರೆ ಹೆಂಗಸರು ದಾವಲಬಿಯ ಕಟ್ಟೆಗೇ ಬರುತ್ತಿದ್ದರು. ಅಂಗಡಿ ಏನೂ ದೊಡ್ಡದಲ್ಲ. ಓಣಿಯ ಬಾಯಿಗೆ ಒಂದು ಕಟ್ಟೆ, ತಲೆಯ ಮೇಲೆ ಎರಡು ತಗಡು, ಗೋಡೆಯ ಗೂಟಗಳಿಗೆ ತೂಗುಬಿಟ್ಟ ಬಳೆಯ ಸರಗಳು. ಎದುರಿಗೆ ಕುಳಿತವಳ ಕೈಯನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿ, "ನಿಮ್ಮ ಎಮ್ಮಿ ಈದತೇನು?" ಎಂದು ಏನೋ ಒಂದು ಕೇಳುತ್ತಿದ್ದಳು. ಆಕೆ ಉತ್ತರ ಹೇಳಿ ಮುಗಿಸುವುದರೊಳಗೆ ಅರ್ಧ ಡಜನ್ ಬಳೆ ಮಣಿಕಟ್ಟು ಸೇರಿರುತ್ತಿದ್ದವು.

ವಾರದಲ್ಲಿ ಮೂರು ದಿನ ಅಂಗಡಿ ಮುಚ್ಚಿ, ಹಗ್ಗಕ್ಕೆ ಪೋಣಿಸಿದ ಬಳೆಯ ಮಲಾರವನ್ನು ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದಳು. ಒಂದು ದಿನ ಶಿಗ್ಲಿ, ಒಂದು ದಿನ ಶಿರಹಟ್ಟಿ, ತಿಂಗಳಿಗೊಮ್ಮೆ ಮುಂಡರಗಿ ಅಥವಾ ಬೆಟಗೇರಿ. ಯಾವ ಜಾತಿಯ ಮನೆಯಾದರೂ ಬಳೆಗಾರ್ತಿಗೆ ಪಡಸಾಲೆಯವರೆಗೆ ದಾರಿಯಿತ್ತು, ಅಲ್ಲಿ ಗಂಡಸರ ಕಿವಿಗೆ ಬೀಳದ ಮಾತುಗಳೆಲ್ಲ ಅವಳ ಕಿವಿಗೆ ಬೀಳುತ್ತಿದ್ದವು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಒಮ್ಮೆ ಹಿಡಿದ ಕೈಯನ್ನು ಮರೆತದ್ದಿಲ್ಲ. ಯಾರದು ಕಳೆ ಕಿತ್ತು ಗಂಟುಕಟ್ಟಿದ ಕೈ, ಯಾರದು ಬಾವು ಬರುವ ಕೈ, ಯಾರದು ಬಳೆ ಕಳಚಿ ಬರಿದಾದ ಕೈ, ಎಲ್ಲವೂ ಅವಳಿಗೆ ನೆನಪಿತ್ತು.

ದಾವಲಬಿ ಗಿಡ್ಡ ಆಳು. ತಾಯಿಯ ಹಾಗೆ ದುಂಡು ಮೈ, ಮೊಂಡು ಬೆರಳು. ಅವಳ ತಂದೆಯ ಕಡೆಯವರು ಮಾತ್ರ ಬೇರೆ ತರಹ. ಊರಲ್ಲಿ ಅವರನ್ನು 'ಗಳದ ಮಂದಿ', ಬಿದಿರು ಗಳದಂಥವರು, ಎಂದೇ ಕರೆಯುತ್ತಿದ್ದರು. ಗಂಡಸರಿರಲಿ ಹೆಂಗಸರಿರಲಿ, ಆರಡಿಗೆ ಹತ್ತಿರ ಹತ್ತಿರ ಎತ್ತರ, ಮೊಣಕಾಲಿಗೆ ತಾಗುವಂಥ ತೋಳು, ತೆಳ್ಳಗಿನ ನೀಳ ಬೆರಳು. ಆ ಮನೆಯ ಹೆಣ್ಣುಮಕ್ಕಳ ಕೈ ಒದ್ದೆ ಬಟ್ಟೆಯ ಹಾಗೆ ಮಡಚುತ್ತಿತ್ತು, ಎಲ್ಲಕ್ಕಿಂತ ಸಣ್ಣ ಅಳತೆಯ ಬಳೆಯೂ ಸಾಬೂನಿಲ್ಲದೆ ಏರುತ್ತಿತ್ತು. ಅವರಿಗೆ ಅದರದೇ ಜಂಬ. ಮದುವೆ ಮನೆಯಲ್ಲಿ ಹಂದರಕ್ಕೆ ಮಾವಿನೆಲೆ ಕಟ್ಟಲು ಏಣಿ ಬೇಡ, ಗಳದ ಮಂದಿಯಲ್ಲಿ ಒಬ್ಬರನ್ನು ಕರೆದರೆ ಸಾಕು. ಅಂಥವರ ನಡುವೆ ಹುಟ್ಟಿದ ದಾವಲಬಿಯನ್ನು ಅಣ್ಣ ಶೇಖಸಾಬ ಚಿಕ್ಕಂದಿನಲ್ಲಿ "ಇಕಿನ್ನ ಸಂತ್ಯಾಗಿಂದ ತಂದಾರ" ಎಂದು ಕಾಡಿಸುತ್ತಿದ್ದ.

ಅವಳ ತಂದೆ ಮೌಲಾಸಾಬ ಕೂಡ ಬಳೆಗಾರನೇ. ಅವಳಿಗೆ ಹದಿನಾರು ವರ್ಷವಿದ್ದಾಗ, ಶಿಗ್ಲಿಯಲ್ಲಿ ಮನೆ ಮನೆ ತಿರುಗಿ ಬರುತ್ತ ಮೌಲಾಸಾಬ ಒಂದು ಬೇವಿನ ಕಟ್ಟೆಯ ಮೇಲೆ ಕುಳಿತವನು, ಜೊತೆಗಿದ್ದ ಮಗಳ ಕಡೆ ನೋಡಿ, "ದಾವಲಾ, ಬೆನ್ನಾಗ ಯಾರೋ ಅರಿವಿ ಹರದಂಗಾತು" ಎಂದ. ನೀರು ತರಲು ಹೋದವಳು ತಿರುಗಿ ಬರುವುದರೊಳಗೆ ಜೀವ ಹೋಗಿತ್ತು. ನಲವತ್ತೊಂದು ವರ್ಷದ ಆಳು. ಶಿಗ್ಲಿಯ ಮಂದಿ ಹೆಣವನ್ನು ಚಕ್ಕಡಿಯಲ್ಲಿ ಹಾಕಿಕೊಟ್ಟರು. ಮಲಾರವನ್ನು ಹೆಗಲ ಮೇಲೆ ಹೊತ್ತು ಚಕ್ಕಡಿಯ ಹಿಂದೆ ನಡೆದು ಬಂದವಳು, ನಲವತ್ತನೆಯ ದಿನ ಕಳೆದ ಮೇಲೆ ಅದೇ ಮಲಾರ ಹೊತ್ತು ಅದೇ ಶಿಗ್ಲಿಗೆ ವ್ಯಾಪಾರಕ್ಕೆ ಹೋದಳು. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು, ಅವಳಿಗೆ ಬೇರೆ ದಾರಿ ಇರಲಿಲ್ಲ.

೧೯೬೫ರಲ್ಲಿ ತಂಗಿ ಫಕೀರಬಿ ಹೆಣ್ಣು ಕೂಸನ್ನು ಹೆತ್ತು ಒಂಬತ್ತನೆಯ ದಿನ ಬಾಣಂತಿ ಕೋಣೆಯಲ್ಲೇ ತೀರಿಕೊಂಡಳು. ೧೯೭೨ರಲ್ಲಿ ಅಣ್ಣ ಶೇಖಸಾಬ ಬಾವಿಯಿಂದ ಕೊಡ ಎತ್ತುತ್ತಿದ್ದವನು ಹಗ್ಗ ಬಿಟ್ಟು ಕುಸಿದ. ಜನ ಬಾಣಂತಿ ಸನ್ನಿ ಎಂದರು, ಎದೆ ಒಡೆಯಿತು ಎಂದರು, ಯಾರೋ ಮಾಡಿಸಿದ್ದಾರೆ ಎಂದರು. ದಾವಲಬಿಯ ಮನಸ್ಸಿನಲ್ಲಿ ಒಂದೇ ಒಂದು ಮಾತು ಕೊರೆಯುತ್ತಿತ್ತು. ಫಕೀರಬಿ ಸಾಯುವಾಗ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವಳು ತಾನೇ. ಆಗ ತಂಗಿ ಹೇಳಿದ್ದೂ ಬೆನ್ನಲ್ಲಿ ಬಟ್ಟೆ ಹರಿದ ಹಾಗಾಯಿತು ಎಂದೇ. ಅಣ್ಣನ ಹೆಂಡತಿಯನ್ನು ಕೇಳಿದರೆ, ಕುಸಿದ ಮೇಲೆ ಅವನು ಆಡಿದ್ದೂ ಅದೇ ಮಾತು ಎಂದಳು. ಮೂವರೂ ಬೇರೆ ಬೇರೆ ವರ್ಷ, ಬೇರೆ ಬೇರೆ ಜಾಗದಲ್ಲಿ ಸಾಯುತ್ತ ಒಂದೇ ಮಾತನ್ನು ಹೇಗೆ ಆಡಿದರು?

ಫಕೀರಬಿಯ ಕೂಸು ಇಮಾಮಬಿಯನ್ನು ದಾವಲಬಿಯೇ ಸಾಕಿದಳು. ತನ್ನ ಇಬ್ಬರು ಗಂಡುಮಕ್ಕಳ ಜೊತೆ ಅವಳೂ ಬೆಳೆದಳು. ಹದಿಮೂರು ತುಂಬುವ ಹೊತ್ತಿಗೆ ದೊಡ್ಡವ್ವನಿಗಿಂತ ಒಂದು ಗೇಣು ಎತ್ತರ. ಆದರೆ ಕಣ್ಣು ಮಂದ. ಶಾಲೆಯಲ್ಲಿ ಹಲಗೆಯ ಮೇಲಿನ ಅಕ್ಷರ ಕಾಣದೆ ಎದ್ದು ಹೋಗಿ ಮೂಗು ತಾಗಿಸಿ ಓದುತ್ತಿದ್ದಳು. ೧೯೭೮ರ ಚಳಿಗಾಲದಲ್ಲಿ ಶಿರಹಟ್ಟಿಯ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆದಾಗ ದಾವಲಬಿ ಹುಡುಗಿಯನ್ನು ಕರೆದುಕೊಂಡು ಹೋದಳು.

ಅಲ್ಲಿದ್ದವರು ಗದಗಿನ ಕಣ್ಣಿನ ಡಾಕ್ಟರು, ದತ್ತಾತ್ರಿ ಜಾಲಿಹಾಳ ಎಂದು. ಬೆಳಗಿನಿಂದ ಮುದುಕರ ಪೊರೆ ನೋಡಿ ದಣಿದಿದ್ದರು. ಇಮಾಮಬಿಯ ಕಣ್ಣಿಗೆ ಬ್ಯಾಟರಿ ಹಿಡಿದವರು ಬಹಳ ಹೊತ್ತು ತೆಗೆಯಲಿಲ್ಲ. ಒಳಗಿನ ಮಸೂರ ಜಾಗ ಬಿಟ್ಟು ಮೇಲಕ್ಕೆ ಸರಿದಿತ್ತು. ಆಮೇಲೆ ಬ್ಯಾಟರಿ ಕೆಳಗಿಟ್ಟು, ಕಣ್ಣಿನ ಬದಲು ಹುಡುಗಿಯ ಕೈ ನೋಡತೊಡಗಿದರು.

"ತಂಗಿ, ಈ ಕೈಲೆ ಆ ಕೈ ಮಣಿಕಟ್ಟು ಹಿಡಕೋ ನೋಡೂಣು. ಹೆಬ್ಬಟ್ಟು, ಕಿರಿಬೆರಳು ಸೇರಿಸಿ."

ಇಮಾಮಬಿ ಹಿಡಿದಳು. ಹೆಬ್ಬೆರಳು ಕಿರಿಬೆರಳನ್ನು ದಾಟಿ ಉಗುರಿನಷ್ಟು ಮುಂದೆ ಹೋಯಿತು.

"ಇನ್ನ ಹೆಬ್ಬಟ್ಟು ಒಳಗ ಮಾಡಿ ಮುಷ್ಟಿ ಕಟ್ಟು."

ಮುಷ್ಟಿಯ ಆಚೆ ಬದಿಯಿಂದ ಹೆಬ್ಬೆರಳಿನ ತುದಿ ಹೊರಗೆ ಇಣುಕಿತು. ಡಾಕ್ಟರು ದಾವಲಬಿಯ ಕಡೆ ತಿರುಗಿದರು.

"ಇಕಿ ತಾಯಿ ಎಲ್ಲಿದ್ದಾಳ?"

"ಮಣ್ಣಾಗ ಹೋಗ್ಯಾಳ್ರಿ. ಇಕಿನ್ನ ಹಡದು ಒಂಬತ್ತ ದಿನಕ್ಕ. ಬೆನ್ನಾಗ ಅರಿವಿ ಹರದಂಗಾತು ಅಂದ್ಲು, ಆತು. ನಮ್ಮಪ್ಪನೂ ಹಂಗ ಅಂದು ಹ್ವಾದ. ನಮ್ಮಣ್ಣನೂ ಹಂಗ."

ಸಾಲಿನಲ್ಲಿ ಹಿಂದೆ ನಿಂತವರು ಗೊಣಗುತ್ತಿದ್ದರೂ ಡಾಕ್ಟರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತರು. "ಇಂಥಾ ಕೈ ನಿಮ್ಮ ಮನ್ಯಾಗ ಇನ್ನ ಯಾರಿಗೆ ಅವ?"

ದಾವಲಬಿ ಹೇಳತೊಡಗಿದಳು. ಶಿಗ್ಲಿಯ ಚಿಕ್ಕಪ್ಪನ ಮನೆಯಲ್ಲಿ ಯಾರದು, ಬೆಟಗೇರಿಯಲ್ಲಿ ಯಾರದು, ಮುಂಡರಗಿಯಲ್ಲಿ ಯಾರದು. ಹೆಂಗಸರ ಕೈಗಳನ್ನು ಇಪ್ಪತ್ತೈದು ವರ್ಷ ತಾನೇ ಹಿಡಿದು ಬಳೆ ಇಟ್ಟಿದ್ದಳು, ಗಂಡಸರ ಕೈಗಳನ್ನು ಹಬ್ಬದ ದಿನ ಊಟದ ಎದುರಿಗೆ ನೋಡಿದ್ದಳು. ಡಾಕ್ಟರು ಒಂದು ಚೀಟಿ ತೆಗೆದರು, ಎರಡು ತೆಗೆದರು, ಆಮೇಲೆ ಬರೆಯುವುದನ್ನು ನಿಲ್ಲಿಸಿ, "ನೀವು ಸೋಮವಾರ ಗದಗಿಗೆ ಬರ್ರಿ. ಇದು ಚೀಟಿ ಮ್ಯಾಲಿನ ಮಾತಲ್ಲ" ಎಂದರು.

ಸೋಮವಾರ ಗದಗಿನಲ್ಲಿ ಡಾಕ್ಟರು ಒಂದು ದೊಡ್ಡ ಹಾಳೆ ಹಾಸಿದರು. ಗಂಡಸಿಗೆ ಒಂದು ಚೌಕ, ಹೆಂಗಸಿಗೆ ಒಂದು ಉಂಗುರ, ಗಂಡ ಹೆಂಡಿರ ನಡುವೆ ಗೆರೆ, ಮಕ್ಕಳಿಗೆ ಕೆಳಗೆ ಗೆರೆ. ಸತ್ತವರ ಮೇಲೆ ಓರೆ ಗೀಟು.

"ದುಂಡಗ ಇದ್ದವರು ಹೆಂಗಸ್ರು," ಎಂದರು.

"ಬಳಿ ಇದ್ದಂಗ ಅದಾವು ಬಿಡ್ರಿ, ನೆನಪಿರತೈತಿ," ಎಂದಳು ದಾವಲಬಿ.

ಅಕ್ಷರ ಗೊತ್ತಿಲ್ಲದವಳು ಆ ಹಾಳೆಯ ಮೇಲೆ ಒಮ್ಮೆಯೂ ದಾರಿ ತಪ್ಪಲಿಲ್ಲ. ಅಜ್ಜನಿಂದ ಶುರುಮಾಡಿ ಮೊನ್ನೆ ಹುಟ್ಟಿದ ಕೂಸಿನವರೆಗೆ ನಾಲ್ಕು ತಲೆ ಹೇಳಿದಳು. ಯಾವ ಉಂಗುರ ಯಾವ ವಯಸ್ಸಿಗೆ ಬಳೆ ಕಳಚಿತು ಎಂಬುದು ಅವಳಿಗೆ ಗೊತ್ತಿತ್ತು, ಏಕೆಂದರೆ ಆಮೇಲೆ ಆ ಕೈಗೆ ಬಳೆ ಇಡಲು ಅವಳನ್ನು ಯಾರೂ ಕರೆದಿರಲಿಲ್ಲ. ಮೂವತ್ತೈದರೊಳಗೆ ವಿಧವೆಯರಾದವರು ಏಳು ಮಂದಿ.

ಹಾಳೆ ತುಂಬಿದ ಮೇಲೆ ಡಾಕ್ಟರು ತಿಳಿಸಿ ಹೇಳಿದರು. "ಎದಿಯಿಂದ ಮೈಗೆಲ್ಲ ರಕ್ತ ಒಯ್ಯೋದು ಒಂದು ದೊಡ್ಡ ನಾಳ ಅದ. ಅದರ ಗ್ವಾಡಿ ಕೌದಿ ಇದ್ದಂಗ, ಪದರ ಮ್ಯಾಲ ಪದರ. ನಿಮ್ಮ ಮಂದ್ಯಾಗ ಆ ಕೌದಿ ಹೊಲಿಗಿ ಸಡಿಲ, ಇಕಿ ಕಣ್ಣಿನ ಮಸೂರ ಸರದದ್ದೂ ಬೆರಳು ಉದ್ದ ಆದದ್ದೂ ಅದಕ್ಕ. ವರ್ಷ ಹೋದಂಗ ನಾಳ ಉಬ್ಬಕೋತ ಹೋಗ್ತದ. ಒಂದಿನ ಒಳಗಿನ ಪದರ ಹರೀತದ, ರಕ್ತ ಪದರದ ನಡುವ ನುಗ್ಗತದ. ನಿಮ್ಮಪ್ಪ ಹೇಳಿದ್ದು ಖರೆನ. ಹರದದ್ದು ಅದೇ."

"ಇದು ಹೆಂಗ ಬಂತ್ರಿ ನಮಗ?"

"ಹುಟ್ಟಾ ಬಂದದ್ದು. ಯಾರ ತಪ್ಪೂ ಅಲ್ಲ, ಯಾರೂ ಮಾಡಿಸಿದ್ದೂ ಅಲ್ಲ. ತಾಯಿಗೆ ಇಲ್ಲಾ ತಂದಿಗೆ ಇದ್ದರ ಒಂದೊಂದು ಕೂಸಿಗೂ ರೊಕ್ಕ ಚಿಮ್ಮಿ ಛಾಪಾ ಕಾಟಾ ಆಡಿದಂಗ. ಗಂಡಾದ್ರೂ ಅಷ್ಟ, ಹೆಣ್ಣಾದ್ರೂ ಅಷ್ಟ. ಬರಲಿಲ್ಲ ಅಂದ್ರ ಅವರ ಮಕ್ಕಳಿಗೂ ಹೋಗೂದಿಲ್ಲ." ಕೈ ನೋಡಿಯೇ ತೀರ್ಮಾನಿಸಬಾರದು ಎಂದೂ ಎಚ್ಚರಿಸಿದರು. ಉದ್ದ ಬೆರಳಿನವರೆಲ್ಲರಿಗೂ ಇರುತ್ತದೆ ಎಂದಿಲ್ಲ, ಗಿಡ್ಡರಿಗೆ ಇರುವುದೇ ಇಲ್ಲ ಎಂದೂ ಇಲ್ಲ. ಎಲ್ಲರ ಎದೆಯ ಎಕ್ಸ್-ರೇ ತೆಗೆಸಬೇಕು, ಹುಬ್ಬಳ್ಳಿಯ ಎದೆ ಡಾಕ್ಟರು ಕಿವಿಯಿಟ್ಟು ಕೇಳಬೇಕು. ಇದ್ದವರಿಗೆ ಎದೆಯ ಬಡಿತವನ್ನು ನಿಧಾನ ಮಾಡುವ ಗುಳಿಗೆ ಇದೆ, ಭಾರ ಎತ್ತಬಾರದು, ಬಸುರಾಗುವ ಮೊದಲು ಕೇಳಬೇಕು. ಹೊಲಿಗೆ ಬಿಗಿಯಾಗುವುದಿಲ್ಲ, ಆದರೆ ಹರಿಯುವ ದಿನವನ್ನು ದೂರ ತಳ್ಳಬಹುದು.

ಮೊದಲ ಎಕ್ಸ್-ರೇ ದಾವಲಬಿಯದೇ ಆಯಿತು, ಎರಡನೆಯದು ಇಮಾಮಬಿಯದು. ದಾವಲಬಿಯದು ಚೊಕ್ಕ. ಹುಡುಗಿಯದರಲ್ಲಿ ಎದೆಗೂಡಿನ ನಡುವಿನ ನೆರಳು ಒಂದು ಬದಿಗೆ ಉಬ್ಬಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಇಮಾಮಬಿ ನಿದ್ದೆಹೋದಳು. ದಾವಲಬಿ ಮಾತ್ರ, ಯಾರದೋ ಸಾಮಾನು ಕದ್ದು ಸೆರಗಿನಲ್ಲಿ ಮುಚ್ಚಿಕೊಂಡವಳಂತೆ ಕುಳಿತಿದ್ದಳು. ತನಗಿಲ್ಲ, ತನ್ನ ಮಕ್ಕಳಿಗಿಲ್ಲ. ಸಂತೋಷ ಪಡಬೇಕೆಂದರೆ ಪಕ್ಕದಲ್ಲಿ ಈ ಹುಡುಗಿ.

ಮನೆಯಲ್ಲಿ ಗಂಡ ನಬಿಸಾಬನಿಗೆ ಎಲ್ಲವನ್ನೂ ಹೇಳಿದಳು. ನಬಿಸಾಬ ಪಾತ್ರೆಗೆ ಕಲಾಯಿ ಹಾಕುವವನು, ಮಾತು ಕಡಿಮೆ. "ಎಷ್ಟ ಮನಿಗೆ ಹೋಗಬೇಕಾಗತೈತಿ?" ಎಂದು ಕೇಳಿದ. ಅವಳು ಎಣಿಸಿ ಹೇಳಿದಳು. "ಹಂಗಾರ ಮಲಾರ ನಾ ಹೊರತೀನಿ. ನೀ ಮಾತಾಡು," ಎಂದ. ಮುಂದೆ ಎರಡು ವರ್ಷ, ದೂರದ ಊರಿಗೆ ಹೋಗುವ ದಿನ ಅವನು ಕುಲುಮೆ ಆರಿಸಿ ಬಳೆಯ ಸರ ಹೊತ್ತು ಅವಳ ಹಿಂದೆ ನಡೆದ. ದಾರಿಯಲ್ಲಿ ನಕ್ಕವರಿಗೆ ಅವನೂ ನಕ್ಕು ಉತ್ತರ ಕೊಟ್ಟ.

ಮೊದಮೊದಲು ಯಾರೂ ಕಿವಿಗೊಡಲಿಲ್ಲ. ಶಿಗ್ಲಿಯಲ್ಲಿ ಗಟ್ಟಿಮುಟ್ಟಾದ ಹುಡುಗರು ತೋಳು ತಟ್ಟಿ ತೋರಿಸಿದರು. ಬೆಟಗೇರಿಯಲ್ಲಿ ಮೂವರು ಹೆಣ್ಣುಮಕ್ಕಳ ತಾಯಿಯೊಬ್ಬಳು, "ಅಕ್ಕಾ, ನಿನಗ ಕೈ ಮುಗೀತೀನಿ, ಇವರ ಲಗ್ನ ಆಗೂತನಕ ಈ ಮಾತ ಬ್ಯಾಡ" ಎಂದು ಬಾಗಿಲು ಮುಂದೆ ಮಾಡಿದಳು. ಮುಂಡರಗಿಯಲ್ಲಿ ದಾವಲಬಿಯ ಚಿಕ್ಕಪ್ಪನ ಮಗ ಹಜರತಸಾಬ ಇದ್ದ. ಶೇಂಗಾ ಗಿರಣಿಯಲ್ಲಿ ಹಮಾಲ. ಆರಡಿ ಎರಡಂಗುಲದ ಆ ಮನುಷ್ಯ ಎರಡು ಚೀಲ ಒಮ್ಮೆಗೇ ಬೆನ್ನಿಗೇರಿಸಿ ಹಲಗೆಯ ಮೇಲೆ ನಡೆದು ಹೋಗುವುದನ್ನು ನೋಡಲೆಂದೇ ಮಂದಿ ನಿಲ್ಲುತ್ತಿದ್ದರು.

"ನಿನಗಂತೂ ಇಲ್ಲಲ್ಲ, ಆರಾಮ ಅದಿ," ಎಂದ ಹಜರತಸಾಬ. "ನಮ್ಮ ಹೊಟ್ಟಿ ಮ್ಯಾಲ ಯಾಕ ಕಾಲ ಇಡತಿ?"

"ನನಗ ಇಲ್ಲದ್ದಕ್ಕ ಬಂದೀನಿ," ಎಂದಳು ದಾವಲಬಿ. "ಇದ್ದಿದ್ರ ನಾನೂ ನಿನ್ನಂಗ ಅಂಜಿ ಮನ್ಯಾಗ ಕುಂಡ್ರತಿದ್ದೆ."

ಅಂಜಿಕೆ ಎಂಬ ಮಾತು ಅವನಿಗೆ ಚುಚ್ಚಿತು. ಊಟಕ್ಕೂ ಏಳೆನ್ನದೆ ಹೊರಗೆ ಹೋದ.

ಗಂಡಸರನ್ನು ಬಿಟ್ಟು ಹೆಂಗಸರನ್ನು ಹಿಡಿಯಬೇಕು ಎಂದು ಅವಳಿಗೆ ಹೊಳೆದದ್ದು ಆವತ್ತೇ. ಮುಂದಿನ ಸಲ ಶಿಗ್ಲಿಗೆ ಹೋದಾಗ ಎಕ್ಸ್-ರೇ ಎಂಬ ಶಬ್ದವನ್ನೇ ಎತ್ತಲಿಲ್ಲ. ಬಳೆ ಇಡುತ್ತ, "ನಿನ್ನ ಮಾವ ಹೋಗಬೇಕಾದ್ರ ಏನಂದಿದ್ದ?" ಎಂದು ಒಬ್ಬಳನ್ನು ಕೇಳಿದಳು. "ನಿನ್ನ ಮೈದುನ?" ಎಂದು ಇನ್ನೊಬ್ಬಳನ್ನು. ಸಾಯುವವರ ಬಾಯಿಗೆ ನೀರು ಬಿಟ್ಟವರು ಹೆಂಗಸರೇ. ಬೆನ್ನು, ಅರಿವೆ, ಹರಿದದ್ದು, ಒಂದೊಂದಾಗಿ ಹೊರಗೆ ಬಂತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ದಾವಲಬಿ ಹೇಳಿದಳು, "ಈ ಹಸರ ಬಳಿ ನಾ ಇಟ್ಟೀನಿ. ಇವು ಕೈಯಾಗ ಇರಬೇಕಂದ್ರ ಸೋಮವಾರ ನಿಮ್ಮ ನಿಮ್ಮ ಗಂಡಂದಿರನ್ನ ಗದಗಿಗೆ ಕರಕೊಂಡ ಬರ್ರಿ."

ಆ ಸೋಮವಾರ ಶಿಗ್ಲಿಯಿಂದ ಒಂಬತ್ತು ಗಂಡಸರು ಬಂದರು. ಗಂಡಂದಿರು ಮುಖ ಗಂಟಿಕ್ಕಿಕೊಂಡು ಮುಂದೆ, ಹೆಂಡಂದಿರು ಹಿಂದೆ. ನಾಲ್ವರ ಎದೆಯಲ್ಲಿ ಉಬ್ಬಿದ ನೆರಳು ಕಂಡಿತು. ಮುಂದಿನ ತಿಂಗಳು ಬೆಟಗೇರಿಯ ಆ ತಾಯಿ ಮೂವರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ತಾನಾಗಿ ಬಂದಳು. ಮೂವರಿಗೂ ಇರಲಿಲ್ಲ. ಆಕೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು, ಆಮೇಲೆ ದಾವಲಬಿಯ ಜೊತೆ ತಾನೂ ಮನೆ ಮನೆ ತಿರುಗಿದಳು. ಎರಡು ವರ್ಷದಲ್ಲಿ ಮೂವತ್ತೊಂದು ಮಂದಿಯ ಎಕ್ಸ್-ರೇ ಆಯಿತು. ಹನ್ನೊಂದು ಮಂದಿಗೆ ಗುಳಿಗೆ ಶುರುವಾಯಿತು.

ಆ ಹನ್ನೊಂದರಲ್ಲಿ ಎಲ್ಲರಿಗಿಂತ ಹೆಚ್ಚು ಉಬ್ಬಿದ್ದು ಹಜರತಸಾಬನದು. ಹೆಂಡತಿ ಮಾಬೂಬಿ ಎರಡು ದಿನ ಒಲೆ ಹಚ್ಚದೆ ಕುಳಿತದ್ದಕ್ಕೆ ಬಂದಿದ್ದ. ಡಾಕ್ಟರು ಇನ್ನು ಚೀಲ ಮುಟ್ಟಬೇಡ ಎಂದರೆ ಹೂಂ ಎಂದು ಹೋದವನು ಮೂರನೆಯ ದಿನ ಮತ್ತೆ ಗಿರಣಿಯಲ್ಲಿದ್ದ. ಚೀಲ ಎತ್ತದಿದ್ದರೆ ಮನೆ ನಡೆಯುವುದಾದರೂ ಹೇಗೆ? ಆದರೆ ಗಿರಣಿಯ ಮ್ಯಾನೇಜರು ರಾಮಚಂದ್ರರಾಯರ ಹೆಂಡತಿ ತುಳಸಾಬಾಯಿಯ ಕೈಗೆ ದಾವಲಬಿ ಹದಿನೈದು ವರ್ಷದಿಂದ ಬಳೆ ಇಡುತ್ತಿದ್ದಳು. ಆಕೆಯ ಪಡಸಾಲೆಯಲ್ಲಿ ಹೋಗಿ ಕುಳಿತಳು.

ಕಥೆಯನ್ನೆಲ್ಲ ಕೇಳಿ ತುಳಸಾಬಾಯಿ ಕೇಳಿದಳು, "ಆ ಎತ್ತರದ ಹಜರತ್ಯಾ ಏನ? ಅವಗ ಜಡ್ಡ ಅದ ಅಂದ್ರ ಯಾರ ನಂಬತಾರ?"

"ಅದನ್ನ ಹೇಳಾಕ ಬಂದೀನ್ರಿ ಬಾಯಾರ. ನೋಡಿದ್ರ ಕಾಣೂದಿಲ್ಲ. ಅವಗ ಕೂಲಿ ಬಿಡಸಬ್ಯಾಡ್ರಿ, ಕೆಲಸ ಬದಲಿ ಮಾಡಸ್ರಿ. ತಕ್ಕಡಿ ಮ್ಯಾಲ ಕುಂಡ್ರಸ್ರಿ. ಎಣಿಕಿ ಬರತೈತಿ ಅವಗ, ಸಾಲ್ಯಾಗ ನಾಕನೇತ್ತಾ ಕಲತಾನ."

"ಇವರು ಏನಂತಾರೋ," ಎಂದಳು ತುಳಸಾಬಾಯಿ. ಬಳೆ ಏರಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ನೋಡೂಣು. ನಾನೂ ಒಂದಿಷ್ಟು ಹೇಳಿ ನೋಡತೀನಿ."

ಎಂಟು ದಿನದಲ್ಲಿ ಹಜರತಸಾಬ ತೂಕದ ತಕ್ಕಡಿಯ ಹತ್ತಿರ ಕುಳಿತ. ಮೊದಲ ತಿಂಗಳು ಅವನಿಗೆ ನರಕ. ತನ್ನ ಜೊತೆಯ ಹಮಾಲರು ಬೆವರು ಸುರಿಸುತ್ತ ಎದುರಿಗೆ ಚೀಲ ಇಳಿಸುವಾಗ ತಲೆ ಎತ್ತುತ್ತಿರಲಿಲ್ಲ. ದಾವಲಬಿ ಒಂದು ಮಧ್ಯಾಹ್ನ ಗಿರಣಿಯ ಗೇಟಿಗೆ ಬಂದು ನಿಂತು, ಅವನು ಹೊರಗೆ ಬಂದಾಗ ಇಷ್ಟೇ ಅಂದಳು, "ನಮ್ಮಪ್ಪ ಕುಂತ ಸತ್ತ. ನೀ ಕುಂತ ಬದುಕು. ಇದರಾಗೇನು ನಾಚಿಕಿ ಐತಿ?" ಹಜರತಸಾಬ ಆವತ್ತು ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿಸಿಯೇ ಕಳಿಸಿದ.

ಎಲ್ಲವೂ ಗೆದ್ದ ಕಥೆಯಲ್ಲ. ೧೯೮೧ರಲ್ಲಿ ಶಿಗ್ಲಿಯ ಒಬ್ಬ, ಆರಾಮಾಗಿದ್ದೇನಲ್ಲ ಎಂದು ಗುಳಿಗೆ ಬಿಟ್ಟವನು, ಮೂವತ್ತೆರಡನೆಯ ವಯಸ್ಸಿಗೆ ಹೊಲದಲ್ಲಿ ತೀರಿಕೊಂಡ. ಅವನ ಮನೆಯಲ್ಲಿ ದಾವಲಬಿ, ನಾ ಹೇಳಿದ್ದೆ ಎಂಬ ಮಾತನ್ನು ಬಾಯಿಗೆ ತರಲಿಲ್ಲ. ನಲವತ್ತು ದಿನ ಕಳೆದ ಮೇಲೆ ಅವನ ಎರಡು ಮಕ್ಕಳ ಕೈ ಹಿಡಿದುಕೊಂಡು ಗದಗಿನ ಬಸ್ಸು ಹತ್ತಿದಳು.

ಇಮಾಮಬಿಗೆ ಹದಿನೆಂಟಾಯಿತು. ದಪ್ಪ ಕನ್ನಡಕದ, ನಗುಮುಖದ ಹುಡುಗಿ. ಲಕ್ಕುಂಡಿಯಿಂದ ಒಂದು ಸಂಬಂಧ ಬಂತು. ಹಿರಿಯರೆಲ್ಲ ದಾವಲಬಿಗೆ ಬುದ್ಧಿ ಹೇಳಿದರು, ನಿಕಾ ಆಗುವವರೆಗೆ ಬಾಯಿ ಮುಚ್ಚಿಕೊಂಡಿರು, ಆಮೇಲೆ ಅವರೇ ಸಂಭಾಳಿಸುತ್ತಾರೆ ಎಂದು. ಅವಳು ಕೇಳಲಿಲ್ಲ. ಬಂದವರಿಗೆ ಚಹಾ ಕೊಟ್ಟು, ಎಕ್ಸ್-ರೇ ಕವರು ತಂದು ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಚಹಾ ಕುಡಿದು ಹೋದವರು ತಿರುಗಿ ಬರಲಿಲ್ಲ. ಇಮಾಮಬಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ, "ದೊಡ್ಡವ್ವ, ನೀ ಹೇಳದ ಬಿಟ್ಟಿದ್ರ ನಾನ ಹೇಳತಿದ್ದೆ," ಎಂದಳು. ದಾವಲಬಿ ಬಳೆ ಗೂಟದ ಕಡೆ ಮುಖ ಮಾಡಿ ನಿಂತಳು.

ಮರುವರ್ಷ ಹೊಂಬಳದಿಂದ ರಾಜೇಸಾಬ ಎಂಬ ಹುಡುಗನ ಮನೆಯವರು ಬಂದರು. ಹುಡುಗ ಟ್ರ್ಯಾಕ್ಟರ್ ಹೊಡೆಯುವವನು. ದಾವಲಬಿ ಮತ್ತೆ ಕವರು ತಂದಿಟ್ಟಳು.

ಹುಡುಗನ ತಾಯಿ ಎಲ್ಲವನ್ನೂ ಕೇಳಿ, "ಗುಳಿಗಿ ತಗೊಂಡ್ರ ಆರಾಮ ಇರತಾಳನು?" ಎಂದಳು.

"ಇಷ್ಟ ದಿನ ಅದಾಳ. ಮುಂದಿಂದು ಬರದ ಕೊಡಾಕ ನನ್ನ ಕೈಲಿ ಆಗೂದಿಲ್ಲವ್ವ."

ತಾಯಿ ಮಗನ ಮುಖ ನೋಡಿದಳು. ರಾಜೇಸಾಬ ನೆಲ ನೋಡುತ್ತ ಹೇಳಿದ, "ನನ್ನ ಟ್ರ್ಯಾಕ್ಟರಿಗೂ ಒಂದ ಕಡೆ ಸಡಿಲ ಐತ್ರಿ. ಎಲ್ಲಿ ಅಂತ ನನಗ ಗೊತ್ತೈತಿ, ನೋಡಕೋತ ಹೊಡೀತೀನಿ, ಏಳ ವರ್ಷಾತು. ಗೊತ್ತಿಲ್ಲದ್ದ ಗಾಡಿನ ಹೊಲದಾಗ ಕೈ ಕೊಡೂದು." ತನ್ನ ಹೋಲಿಕೆ ಹೆಣ್ಣಿನವರಿಗೆ ಬೇಸರವಾಯಿತೇನೋ ಎಂದು ಅಷ್ಟರಲ್ಲೇ ಕಿವಿ ಕೆಂಪಗೆ ಮಾಡಿಕೊಂಡ. ಒಳಗಿನಿಂದ ಇಮಾಮಬಿ ನಕ್ಕದ್ದು ಹೊರಗಿನವರಿಗೂ ಕೇಳಿಸಿತು. ಆ ವರ್ಷವೇ ಮದುವೆಯಾಯಿತು.

೧೯೮೫ರಲ್ಲಿ ಇಮಾಮಬಿ ಬಸುರಾದಳು. ಡಾಕ್ಟರನ್ನು ಕೇಳಿಯೇ ಮುಂದುವರಿದಿದ್ದರು. ಹುಬ್ಬಳ್ಳಿಯ ಎದೆ ಡಾಕ್ಟರ ಹತ್ತಿರ ಆ ಹೊತ್ತಿಗೆ ಎದೆಯೊಳಗಿನದನ್ನು ಪರದೆಯ ಮೇಲೆ ತೋರಿಸುವ ಯಂತ್ರ ಬಂದಿತ್ತು. ನಾಳ ಉಬ್ಬಿದೆ, ಆದರೆ ಗಡಿ ದಾಟಿಲ್ಲ, ತಿಂಗಳಿಗೊಮ್ಮೆ ಬಂದು ತೋರಿಸಿದರೆ ಧೈರ್ಯ ಮಾಡಬಹುದು ಎಂದಿದ್ದರು. ಆದರೂ ದಾವಲಬಿ ಕೊನೆಯ ಎರಡು ತಿಂಗಳು ಅಂಗಡಿಯನ್ನು ಗಂಡನ ಮೇಲೆ ಬಿಟ್ಟು, ಹುಬ್ಬಳ್ಳಿಯಲ್ಲಿ ಆಸ್ಪತ್ರೆಯ ಹಿಂದೆ ಒಂದು ಕೋಣೆ ಹಿಡಿದು ಮಗಳ ಜೊತೆ ಇದ್ದಳು. ನಬಿಸಾಬ ಬಳೆ ಇಡಲು ಹೋಗಿ ಆ ಎರಡು ತಿಂಗಳಲ್ಲಿ ಒಡೆದ ಬಳೆಗಳ ಸುದ್ದಿ ಹುಬ್ಬಳ್ಳಿಯವರೆಗೂ ಬಂತು.

ಹೆರಿಗೆಯ ನೋವು ಶುರುವಾಗುವ ಮೊದಲೇ ದಿನ ಗೊತ್ತುಮಾಡಿ ಆಪರೇಷನ್ ಮಾಡಿದರು. ಹೆಣ್ಣು ಕೂಸು. ರಾಜೇಸಾಬ ಪೇಢೆ ಹಂಚಿದ. ಎಲ್ಲರೂ ಗೆದ್ದೆವೆಂದರು. ದಾವಲಬಿ ಮಾತ್ರ ಪೇಢೆಯನ್ನು ಬಾಯಿಗೆ ಹಾಕಲಿಲ್ಲ. ಅವಳಿಗೆ ಹೆರಿಗೆಗಿಂತ ಆಮೇಲಿನ ದಿನಗಳದೇ ಭಯ. ಮಗಳ ಮಂಚದ ಪಕ್ಕ ಚಾಪೆ ಹಾಸಿ ಕುಳಿತವಳು ಏಳಲಿಲ್ಲ. ಮಗಳು ಮಗ್ಗುಲು ಬದಲಿಸಿದರೆ, "ಬೆನ್ನ ನೂಸತೈತೇನು?" ಎಂದು ಕೇಳುವಳು. ನರ್ಸುಗಳಿಗೂ ಆ ಪ್ರಶ್ನೆ ಬಾಯಿಪಾಠವಾಗಿತ್ತು. ಒಂಬತ್ತನೆಯ ದಿನ ಹೊತ್ತು ಹುಟ್ಟಿದ್ದು ಹೊತ್ತು ಮುಳುಗಿದ್ದು ಅವಳು ಗೋಡೆಯ ಮೇಲಿನ ಬಿಸಿಲಿನಲ್ಲಿ ನೋಡಿದಳು. ಹತ್ತನೆಯ ದಿನ ಬೆಳಿಗ್ಗೆ ಇಮಾಮಬಿ ಎದ್ದು ಕುಳಿತು, ತಲೆ ಬಾಚಿಕೊಂಡು, "ಹಸಿವಿ ಆಗೈತಿ ದೊಡ್ಡವ್ವ" ಎಂದಳು. ರೊಟ್ಟಿ ಮುರಿದು ಕೊಟ್ಟು, ಅವಳು ಉಣ್ಣುವುದನ್ನು ನೋಡುತ್ತ ಗೋಡೆಗೆ ಒರಗಿದ ದಾವಲಬಿ ಅಲ್ಲಿಯೇ ನಿದ್ದೆಹೋದಳು. ಹುಬ್ಬಳ್ಳಿಗೆ ಬಂದಾಗಿನಿಂದ ಅಂಥ ನಿದ್ದೆ ಮಾಡಿರಲಿಲ್ಲ. ಮಧ್ಯಾಹ್ನ ರೌಂಡಿಗೆ ಬಂದ ಡಾಕ್ಟರು, ಯಾರೂ ಎಬ್ಬಿಸಬೇಡಿ ಎಂದು ಸನ್ನೆ ಮಾಡಿ, ಅವಳ ಕಾಲು ದಾಟಿಕೊಂಡು ಮಂಚದ ಹತ್ತಿರ ಹೋದರು.

ಎದ್ದ ಮೇಲೆ ಕೂಸನ್ನು ಎತ್ತಿಕೊಂಡು ಅದರ ಮುಷ್ಟಿಯನ್ನು ಬಿಡಿಸಿ ನೋಡಿದಳು. ಈಗಲೇ ಹೇಳಲಾಗದು, ಬೆಳೆಯುತ್ತ ಬೆಳೆಯುತ್ತ ತೋರಿಸುತ್ತಿರಬೇಕು ಎಂದು ಡಾಕ್ಟರು ಹೇಳಿದರು.

"ಇದ್ರ ಇರಲಿ ಬಿಡ್ರಿ," ಎಂದಳು ದಾವಲಬಿ. "ನಮ್ಮ ಮನ್ಯಾಗ ಹುಟ್ಟಿದ ದಿನದಿಂದ ಈ ಜಡ್ಡಿಗೆ ಕಣ್ಣಿಟ್ಟು ಕಾಯೂ ಮದಲನೇ ಕೂಸು ಇದು."

ಅಷ್ಟು ಹೊತ್ತಿಗೆ ಗಳದ ಮಂದಿಯಲ್ಲಿ ಹೊಸ ಪದ್ಧತಿಯೊಂದು ಬೇರೂರಿತ್ತು. ಯಾರ ಮನೆಯಲ್ಲಿ ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದರೂ ಮೊದಲು ಲಕ್ಷ್ಮೇಶ್ವರದ ಕಟ್ಟೆಗೆ ಕರೆತರುವುದು, ದಾವಲಬಿ ಕೈ ಹಿಡಿದು ನೋಡುವುದು, ಆಮೇಲೆ ಕೈ ಹೇಗೇ ಇರಲಿ ಗದಗಿನ ಬಸ್ಸು ಹತ್ತಿಸುವುದು. ಡಾಕ್ಟರ್ ದತ್ತಾತ್ರಿಯವರು ಆ ದೊಡ್ಡ ಹಾಳೆಗೆ ಕೆಳಗೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಅವರ ಹತ್ತಿರ ಕಲಿಯಲು ಬಂದ ಹುಡುಗ ಡಾಕ್ಟರುಗಳಿಗೆ ಅದನ್ನು ತೋರಿಸಿ, "ಇದು ನಾ ಬರದದ್ದಲ್ಲ, ಒಬ್ಬ ಬಳಿಗಾರ್ತಿ ಬರಿಸಿದ್ದು" ಎನ್ನುತ್ತಿದ್ದರು. ಅದು ಯಾರಿಂದಲೋ ದಾವಲಬಿಯ ಕಿವಿಗೂ ಬಿತ್ತು. ನಬಿಸಾಬನಿಗೆ ಎರಡು ಸಲ ಹೇಳಿದಳು, ಅವನು ಮೊದಲ ಸಲ ಕೇಳಿಸಿಕೊಳ್ಳಲಿಲ್ಲ ಎಂಬ ನೆಪದಲ್ಲಿ.

೧೯೮೮ರ ರಮಜಾನ್ ಮುಗಿದ ಮೇಲೆ ಮುಂಡರಗಿಯಿಂದ ಹಜರತಸಾಬ ಲಕ್ಷ್ಮೇಶ್ವರಕ್ಕೆ ಬಂದ. ಬಸ್ಸಿಳಿದು ನೇರ ಕಟ್ಟೆಗೆ ಬಂದವನ ಕೈಯಲ್ಲಿ ಒಂದು ಚೀಲ ಶೇಂಗಾ, ಅದೂ ಎರಡೇ ಸೇರು. ಕಟ್ಟೆಯ ಮೇಲೆ ಬಾಗಿ ಕುಳಿತು ಟೊಪ್ಪಿಗೆ ತೆಗೆದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ತಲೆಯೂ ಹಾಗೇ.

"ಐವತ್ತ ತುಂಬಿದ್ವು ಅಕ್ಕಾ," ಎಂದ. "ನಮ್ಮ ಮಂದ್ಯಾಗ ಈ ಜಡ್ಡ ಇದ್ದ ಗಂಡಸ್ರಾಗ ಬಿಳೇ ಗಡ್ಡ ಯಾರಿಗಾರ ಬಂದಿತ್ತೇನು? ನಾ ನೆನಸೇ ನೆನಸೀನಿ, ಯಾರ ಮಾರಿನೂ ನೆನಪಿಗೆ ಬರವಲ್ದು."

ದಾವಲಬಿಯೂ ನೆನೆದಳು. ತಂದೆ, ಅಣ್ಣ, ಚಿಕ್ಕಪ್ಪಂದಿರು, ಎಲ್ಲರ ಮುಖಗಳೂ ಕರೀ ಗಡ್ಡದಲ್ಲೇ ನಿಂತುಬಿಟ್ಟಿದ್ದವು.

"ಇಲ್ಲ," ಎಂದಳು. "ನೀನ ಮದಲನೇದಂವ."

"ಮಾಬೂಬಿ ಮೆಹಂದಿ ಹಚ್ಚಕೋ ಅಂತಾಳ. ಕೆಂಪ ಆಗತೈತಂತ, ವಯಸ್ಸ ಕಾಣೂದಿಲ್ಲಂತ."

ಬಳೆ ಇಡಿಸಿಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರು ಕೈ ಮುಂದೆ ಚಾಚಿ ಕಾಯುತ್ತಿದ್ದರು. ದಾವಲಬಿ ಅವರನ್ನು ಒಂದು ಗಳಿಗೆ ನಿಲ್ಲಿಸಿ, ಎದುರಿಗೆ ಕುಳಿತ ಎತ್ತರದ ಮುದುಕನನ್ನು ಕಣ್ತುಂಬ ನೋಡಿದಳು.

"ಹಚ್ಚಬ್ಯಾಡ," ಎಂದಳು. "ಹಂಗ ಬಿಡು. ಬಜಾರದಾಗ ಎರಡ ಸಲ ಅಡ್ಡಾಡಿ ಹೋಗು. ಮಂದಿ ನೋಡಲಿ."